ಹೋರಿಯ ವಂಶ ಎರಡನೇ ಸಲ ಬರೆದಾಗ

ನಾಗಮಂಗಲದ ಬಾಡಿಗೆ ಕೋಣೆಯಲ್ಲಿ ಕೂತು ನಾನು ಹಳ್ಳಿಕಾರ್ ದನಗಳ ವಂಶಾವಳಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ತಳಿ ಉಳಿಸಲು ಹೊರಟಿದ್ದ ಕೆಲವು ರೈತರು ಒಪ್ಪಿಸಿದ ಕೆಲಸ. ಅದಕ್ಕೆ ಗ್ರಾಫ್ ಡೇಟಾಬೇಸ್ ಆರಿಸಿಕೊಂಡಿದ್ದೆ. ಒಂದೊಂದು ದನ ಒಂದು ಚುಕ್ಕಿ, ಹೆತ್ತ ಸಂಬಂಧ ಒಂದು ಗೆರೆ. ಆ ಚುಕ್ಕಿ ಗೆರೆಗಳನ್ನು ಎಲ್ಲಿ ಇಡಬೇಕೆಂದು ನಾವೇ ಹೇಳಬಹುದು: ಕರೆಂಟು ಹೋದರೆ ಖಾಲಿಯಾಗುವ ಮೆಮೊರಿಯಲ್ಲೋ, ಡಿಸ್ಕಿನಲ್ಲೋ, ದೂರದ ಸರ್ವರಿನಲ್ಲೋ. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಪರೀಕ್ಷೆಗೆಂದು ಮೆಮೊರಿ ಹಾಕಿದ್ದೆ. ಆಮೇಲೆ ಬದಲಿಸುವುದು ಮರೆತೆ.

ದೇವಲಾಪುರದ ಕಡೆಯ ಮುದುಕರೊಬ್ಬರು, ಬಹಳ ವರ್ಷ ಬೀಜದ ಹೋರಿ ಸಾಕಿದವರು, ಮೂರು ದಿನವೂ ಬಸ್ಸಿನಲ್ಲಿ ಬಂದು ಎಲ್ಲವನ್ನೂ ನೆನಪಿನಿಂದಲೇ ಹೇಳಿದರು. ಯಾವ ಹಸುವಿಗೆ ಯಾವ ಕರು, ಕೊಂಬು ಹೇಗಿತ್ತು, ಯಾರ ಮನೆ ಸೇರಿತು. ಮೂರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ತೆರೆದು ನೋಡಿದರೆ ಒಂದು ಚುಕ್ಕಿಯೂ ಇರಲಿಲ್ಲ.

"ಯಜಮಾನ್ರೇ, ನನ್ನ ತಪ್ಪಿಂದ ಎಲ್ಲಾ ಅಳಿಸಿಹೋಯ್ತು" ಎಂದೆ.

"ಓಗ್ಲಿ ಬುಡವ್ವ. ನಂಗೇನ್ ಮರ್ತೋಗಿಲ್ವಲ್ಲ. ನಾಳೆ ಇನ್ನೊಂದ್ಸಲ ಏಳ್ತೀನಿ."

ಸಂಜೆಯೇ ಆ ಸಾಲು ತಿದ್ದಿ ಡಿಸ್ಕಿಗೆ ಬದಲಿಸಿದೆ. ಒಂದು ಚುಕ್ಕಿ ಬರೆದು, ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿದೆ. ಉಳಿದಿತ್ತು.

ಮರುದಿನ ಹೇಳುತ್ತಾ ಹೇಳುತ್ತಾ ಅವರು ಒಂದು ಬಿಳಿ ಹಸುವಿನ ವಿಷಯಕ್ಕೆ ಬಂದರು. ಮೊದಲ ಸಲ ಅದರ ತಂದೆ ಯಾವುದೋ ಗೊತ್ತಿಲ್ಲ ಎಂದಿದ್ದರು.

"ಆವತ್ತು ಸುಳ್ಳೇಳ್ದೆ ಕಣವ್ವ. ಅದೂ ನಮ್ಮ ಓರಿ ಮಗ್ಳೇ. ಗೊತ್ತಿದ್ದೂ ಅದಕ್ಕೆ ಅದೇ ಓರಿ ಬುಟ್ಟೆ. ಕರ ಕುರುಡಾಗಿ ಉಟ್ತು."

"ಬರೀಲಾ?"

"ಬರಿ. ಇನ್ನೊಬ್ರು ಅಂಗೆ ಮಾಡ್ಬಾರ್ದು. ಆದ್ರೆ ಆ ಅಸ ಸಾಕಿದ್ ಮನೆಯೋರ್ಗೆ ಮೊದ್ಲು ನಾನೇ ಏಳ್ಬೇಕು."

ಮರುವಾರ ಪಾಂಡವಪುರದ ಹತ್ತಿರದ ಆ ಮನೆಗೆ ಇಬ್ಬರೂ ಹೋದೆವು. ಹಸು ಸಾಕಿದ್ದ ಹೆಂಗಸು ಪೂರ್ತಿ ಕೇಳಿಸಿಕೊಂಡರು.

"ಆ ಕರ ಅಂಗುಟ್ಟಿದ್ದು ನನ್ನ ಕಾಲ್ಗುಣ ಅಂತ ನಮ್ಮತ್ತೆ ಸಾಯೋಗಂಟ ಅಂದ್ರು" ಎಂದರು.

ಮುದುಕರು ಕೈ ಮುಗಿದರು. ಆಕೆ ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಎದ್ದು ಹೋಗಿ ನಮ್ಮಿಬ್ಬರಿಗೂ ಮಜ್ಜಿಗೆ ತಂದಿಟ್ಟರು.