ಜೇಬಿನಲ್ಲಿ ಫ್ಯೂಸ್

ಪ್ರೆಸ್ ಮಷಿನ್ ರಿಪೇರಿ ಮಾಡುತ್ತಿದ್ದ ಆ ಫಿಟ್ಟರನ್ನು ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಫ್ಯೂಸ್ ಮಾಮ ಎನ್ನುತ್ತಿದ್ದರು. ಮಷಿನ್ನಿನ ಹೊಟ್ಟೆಗೆ ಕೈ ಹಾಕುವ ಮೊದಲು ಗೋಡೆಯ ಬೋರ್ಡಿನಿಂದ ಪಿಂಗಾಣಿ ಫ್ಯೂಸ್ ಕಿತ್ತು ಜೇಬಿಗೆ ಇಳಿಸುತ್ತಿದ್ದ. ಕೆಲಸ ಮುಗಿಯುವ ತನಕ ಅದು ಅಲ್ಲೇ. ಮೇಸ್ತ್ರಿ ಗಂಟಲು ಹರಿದುಕೊಳ್ಳಲಿ, ಸಾಹುಕಾರನೇ ಬಂದು ನೆಲ ಕುಟ್ಟಲಿ, ಈಚೆಗೆ ತೆಗೆಯುತ್ತಿರಲಿಲ್ಲ. ಒಮ್ಮೆ ಮರೆತು ಮನೆಗೇ ಒಯ್ದಿದ್ದ. ಹೆಂಡತಿ ಅಂಗಿಯ ಜೊತೆ ಅದನ್ನೂ ಕಲ್ಲಿಗೆ ಒಗೆದು ಎರಡು ಹೋಳು ಮಾಡಿದ್ದಳು. ಅಂದಿನಿಂದ ನೆನೆ ಹಾಕುವ ಮುಂಚೆ ಜೇಬು ತಡಕುವುದು ಅವಳ ರೂಢಿ.

ಇದು ಅವನೊಬ್ಬನ ಹುಚ್ಚಾಗಿರಲಿಲ್ಲ. ಹಿಂದೊಮ್ಮೆ ಅವನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದವನೊಬ್ಬ ಪ್ರೆಸ್ಸಿನೊಳಗೆ ಕೈ ಇಟ್ಟಿದ್ದಾಗ ಯಾರೋ ತಿಳಿಯದೆ ಮೇನ್ ಸ್ವಿಚ್ ಹಾಕಿದರು. ಬಲಗೈ ಮಣಿಕಟ್ಟಿನವರೆಗೆ ಹೋಯಿತು. “ಬಾಗಿಲು ತೆಗೆದ್ರೆ ಪ್ರೆಸ್ಸು ತಾನೇ ನಿಲ್ಲುತ್ತೆ, ಅವನೇ ಏನೋ ಮಾಡ್ಕೊಂಡಿದಾನೆ” ಎಂದ ಸಾಹುಕಾರ. ನಾವು ಗೇಟಿನ ಮುಂದೆ ಕೂತೆವು. ಬಿಸಿಲಿಗೆ ತಲೆ ಕೊಟ್ಟೆವು, ಲಾಠಿಗೆ ಬೆನ್ನು ಕೊಟ್ಟೆವು. ಕೂಲಿ ಏರಲಿಲ್ಲ. ಹೋದ ಕೈಗೆ ಪರಿಹಾರವೂ ನೆಟ್ಟಗೆ ಬರಲಿಲ್ಲ. ಗೆದ್ದು ತಂದದ್ದು ಒಂದೇ ಮಾತು: ಯಾರ ಕೈ ಮಷಿನ್ನಿನಲ್ಲಿದೆಯೋ, ಫ್ಯೂಸ್ ಅವರ ಜೇಬಿನಲ್ಲಿ. ಉಳಿದವರು ನಿಧಾನಕ್ಕೆ ಮರೆತರು. ಅವನು ಮರೆಯಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಕೆಸರಾಗೋಕೆ ಮೊದಲು ಕೈ ಇರಬೇಕು ಎನ್ನುತ್ತಿದ್ದ.

ಕೈ ಉಳಿಯಿತು, ಭುಜ ಹೋಯಿತು. ವರ್ಷಗಟ್ಟಲೆ ಕಬ್ಬಿಣ ಎತ್ತಿ ಎತ್ತಿ ಎಡ ಭುಜದ ಕೀಲು ಸವೆದು, ತೋಳು ಎದೆಯಿಂದ ಮೇಲೆ ಏಳದಾಯಿತು. ಕಾರ್ಖಾನೆಯ ಡಾಕ್ಟರು ಇನ್ನು ಭಾರ ಎತ್ತಬಾರದು ಎಂದರು. ಭಾರ ಎತ್ತದ ಫಿಟ್ಟರ್ ಯಾರಿಗೆ ಬೇಕು? ಲೆಕ್ಕ ಚುಕ್ತಾ ಮಾಡಿ ಗೇಟಿನ ಆಚೆ ಬಿಟ್ಟರು.

ಕಂಪ್ಯೂಟರ್ ಕಲಿ ಎಂದು ಹಟ ಹಿಡಿದವಳು ಮಗಳು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?” ಎಂದ.

“ನೀನು ಮರ ಅಲ್ಲಪ್ಪ, ಕೆಲಸ ಇಲ್ಲದ ಫಿಟ್ಟರ್ರು. ಬಗ್ಗು.”

ಬಗ್ಗಿದ. ಸಂಜೆ ಕ್ಲಾಸಿನಲ್ಲಿ ಮೀಸೆ ಮೂಡದ ಹುಡುಗರ ನಡುವೆ ಕೂತು ಕಲಿತ. ಅವನು ಒತ್ತಿದ ರಭಸಕ್ಕೆ ಕೀಲಿಮಣೆಯ ಗುಂಡಿಯೊಂದು ಹಾರಿ ಮೇಷ್ಟ್ರ ಮಡಿಲಿಗೆ ಬಿತ್ತು. ಕೊನೆಗೊಂದು ಕೆಲಸ ಸಿಕ್ಕಿತು. ಜನ ಕಿಟಕಿ ಕಿಟಕಿಗೆ ಸಾಲು ನಿಂತು ದಾಖಲೆಪತ್ರ ಪಡೆಯುವ ದೊಡ್ಡ ಕಚೇರಿ. ಅಲ್ಲಿನ ಕಂಪ್ಯೂಟರುಗಳ ಚಾಕರಿ: ಪಾಸ್‌ವರ್ಡ್ ಮರೆತವರಿಗೆ ಹೊಸದು ಮಾಡಿಕೊಡುವುದು, ಸಡಿಲಾದ ವೈರು ಸಿಕ್ಕಿಸುವುದು, ಕೆಟ್ಟ ಡಬ್ಬಿ ಬಿಚ್ಚಿ ಧೂಳು ಹೊಡೆಯುವುದು. ಕೆಲವು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದರು. ಖಾಯಂ ಆಗದಿದ್ದರೆ ಹಿಂದೆ ಹೋಗಲು ಕಾರ್ಖಾನೆಯೂ ಇಲ್ಲ, ಭುಜವೂ ಇಲ್ಲ. ಅವನ ಮೇಲಧಿಕಾರಿ ಮಗಳ ವಯಸ್ಸಿನ ಹೆಂಗಸು. ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಅವಳು ಇವನನ್ನು ಅಂಕಲ್ ಎನ್ನುತ್ತಿದ್ದಳು. ಇಬ್ಬರಿಗೂ ಆ ಮಾತು ಬಾಯಲ್ಲಿ ಮರಳು ಸಿಕ್ಕಂತೆ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಆದದ್ದು. ಕಿಟಕಿಯೊಂದರ ಗುಮಾಸ್ತೆಯ ಕಂಪ್ಯೂಟರ್ ಮಿಸುಕಲಿಲ್ಲ, ಬಿಚ್ಚಿ ನೋಡಿ ಎಂದು ಕಳಿಸಿದರು. ಇವನು ಮೊದಲು ಬೋರ್ಡ್ ಹುಡುಕಿದ. ಕಾರಿಡಾರಿನ ತುದಿಯಲ್ಲಿ ಹಳೇ ಕಾಲದ್ದೊಂದು ಇತ್ತು. ಫ್ಯೂಸ್ ಕಿತ್ತ, ಜೇಬಿಗೆ ಇಳಿಸಿದ, ಬಂದು ಮೇಜಿನ ಕೆಳಗೆ ತೂರಿ ಸ್ಕ್ರೂ ತಿರುಗಿಸುತ್ತ ಕೂತ.

ಸಾಲಿನ ಅಷ್ಟೂ ಕಿಟಕಿಗಳು ಕಪ್ಪಾದವು. ಹೊರಗೆ ಜನ ಗೊಣಗಿದರು. ಕಾವಲಿನವನು ಕರೆಂಟ್ ಆಫೀಸಿಗೆ ಫೋನು ಮಾಡಿ ಬೈದ. ಬೆಳಗಿನಿಂದ ಟೈಪ್ ಮಾಡಿ ಇನ್ನೂ ಸೇವ್ ಮಾಡಿ ಉಳಿಸಿರದ ಪಕ್ಕದ ಗುಮಾಸ್ತ ತಲೆ ಮೇಲೆ ಕೈ ಹೊತ್ತ. ಮೇಡಂ ಓಡಿ ಬಂದು ಮೇಜಿನ ಕೆಳಗೆ ಬಗ್ಗಿದಳು.

“ಅಂಕಲ್, ಈಚೆ ಬನ್ನಿ. ಕರೆಂಟು ಹೋಗಿದೆ.”

“ಹೋಗಿಲ್ಲ ಮೇಡಂ, ನನ್ನ ಹತ್ರಾನೇ ಇದೆ.”

ತನ್ನ ಕೋಣೆಗೆ ಕರೆದು ಕೂರಿಸಿದಳು. ಕೂಗಾಡಲಿಲ್ಲ. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

“ನೋಡಿ, ಆ ಕಂಪ್ಯೂಟರಿನ ಪ್ಲಗ್ ಒಂದನ್ನ ಕಿತ್ತಿದ್ರೆ ಸಾಕಿತ್ತು. ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಬೋರ್ಡ್ ಮುಟ್ಟಲ್ಲ ಅಂತ ಮಾತು ಕೊಡಿ.”

ಪ್ಲಗ್ಗನ್ನು ಯಾರು ಬೇಕಾದರೂ ಮತ್ತೆ ಚುಚ್ಚಬಹುದಲ್ಲ ಎಂದುಕೊಂಡ, ಆದರೂ ಮಾತು ಕೊಟ್ಟ.

ಆಮೇಲೆ ಅವನು ಕೋಣೆಗೆ ಕಾಲಿಟ್ಟರೆ ಗುಮಾಸ್ತರು “ಕರೆಂಟ್ ಇಲಾಖೆ ಬಂತಪ್ಪೋ, ಉಳಿಸ್ಕೊಳ್ಳಿ ಉಳಿಸ್ಕೊಳ್ಳಿ” ಎಂದು ಗುಂಡಿ ಒತ್ತುತ್ತಿದ್ದರು. ಇವನೂ ನಗುತ್ತಿದ್ದ. ಡಬ್ಬಿ ಬಿಚ್ಚುವಾಗ ಪ್ಲಗ್ ಕಿತ್ತು, ವೈರನ್ನೇ ಸುತ್ತಿ ಪ್ಯಾಂಟಿನ ಜೇಬಿಗೆ ತುರುಕುತ್ತಿದ್ದ. ಜೇಬು ಮೊಲ ನುಂಗಿದ ಹಾವಿನಂತೆ ಉಬ್ಬುತ್ತಿತ್ತು. ಅಷ್ಟಕ್ಕೆ ಯಾರೂ ತಕರಾರು ಮಾಡಲಿಲ್ಲ. ದಿನವಿಡೀ ಕೂತು ಬೆನ್ನು ಮರಗಟ್ಟುತ್ತಿತ್ತು, ಪರದೆ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಕಬ್ಬಿಣ ಹೊತ್ತ ದಣಿವಿಗೆ ನಿದ್ದೆಯಾದರೂ ಬರುತ್ತಿತ್ತು, ಇದಕ್ಕೆ ಅದೂ ಇಲ್ಲ ಎಂದು ನನ್ನ ಹತ್ತಿರ ಹೇಳಿದ್ದ.

ಖಾಯಂ ಆಗುವುದೋ ಬಿಡುವುದೋ ತೀರ್ಮಾನವಾಗುವ ವಾರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಸಾಲಿನಲ್ಲಿ ಮುದುಕರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಇವನ ಕೈ ತಾನಾಗಿಯೇ ಪ್ಲಗ್ಗಿನ ಕಡೆ ಹೋಯಿತು.

“ಅಯ್ಯೋ ಕೀಳ್ಬೇಡಿ ಮಾರಾಯ್ರೇ” ಎಂದಳು ಗುಮಾಸ್ತೆ. “ಕಳಿಸಿರೋ ಪತ್ರಗಳೆಲ್ಲ ಅದರ ಹೊಟ್ಟೇಲಿವೆ. ಆಫ್ ಮಾಡಿದ್ರೆ ಎಲ್ಲಾ ಮೊದಲಿಂದ. ಮುಚ್ಚಳ ತೆಗೆದ್ರೆ ಅದು ತಾನೇ ನಿಲ್ಲುತ್ತೆ. ಕೈ ಹಾಕಿ ಎಳೀರಿ.”

ತಾನೇ ನಿಲ್ಲುತ್ತೆ. ಸಾಹುಕಾರ ಹೇಳಿದ್ದೂ ಇದನ್ನೇ.

ಮುಚ್ಚಳ ತೆಗೆದ. ಒಳಗೆ ಹಸಿರು ದೀಪ ಉರಿಯುತ್ತಿತ್ತು, ಕರೆಂಟ್ ಇನ್ನೂ ಇದೆ ಎಂದು. ನಿಂತೇ ಇದ್ದ.

“ಏನು, ಮುಹೂರ್ತ ನೋಡ್ತಿದೀರಾ?” ಎಂದ ಪಕ್ಕದ ಗುಮಾಸ್ತ. ಯಾರೋ ಕಿಸಕ್ಕೆಂದರು. ಗದ್ದಲ ಕೇಳಿ ಮೇಡಂ ಬಾಗಿಲಿಗೆ ಬಂದು ನಿಂತಳು. ಇವನ ಕೈಯನ್ನೇ ನೋಡುತ್ತಿದ್ದಳು.

ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹೇಗೂ ಭುಜ ಸತ್ತ ಎಡಗೈಯನ್ನು ಒಳಗೆ ಹಾಕಿದ. ಉರುಳೆ ಬಿಸಿಯಾಗಿತ್ತು. ಬೆರಳಿಗೆ ಕಾಗದದ ಅಂಚು ಸಿಕ್ಕಿತು, ಎಳೆದ, ಬಂತು. ಮುಚ್ಚಳ ಹಾಕಿದ ಕೂಡಲೇ ಪ್ರಿಂಟರ್ ಗುರ್ ಎಂದಿತು. ಇವನು ಎರಡು ಹೆಜ್ಜೆ ಹಿಂದಕ್ಕೆ ಹಾರಿ ಕುರ್ಚಿಗೆ ಎಡವಿದ. ಎಲ್ಲರೂ ನಕ್ಕರು. ಪತ್ರಗಳು ಒಂದರ ಹಿಂದೊಂದು ಬಂದು ಬಿದ್ದವು, ಸಾಲು ಮುಂದೆ ಸರಿಯಿತು.

“ಅಷ್ಟೇ ಅಂಕಲ್” ಎಂದು ಹೇಳಿ ಮೇಡಂ ಒಳಗೆ ಹೋದಳು. ಸಂಜೆ ಕರೆದು ಖಾಯಂ ಎಂದಳು.

ಮನೆಯಲ್ಲಿ ಹೆಂಡತಿ ಬಕೆಟ್ ಮುಂದೆ ಕೂತಿದ್ದಳು.

“ಏನಂದ್ರು?”

“ಖಾಯಂ.”

“ಮತ್ಯಾಕೆ ಹಿಂಗಿದೀರಾ, ಯಾರೋ ಸತ್ತ ಮನೆಯಿಂದ ಬಂದಂಗೆ?”

“ಸುಸ್ತು.”

“ಕೂತ್ಕೊಂಡು ಮಾಡೋ ಕೆಲಸಕ್ಕೂ ಸುಸ್ತಾ? ಪ್ಯಾಂಟ್ ಬಿಚ್ಚಿಕೊಡಿ, ನೆನೆ ಹಾಕ್ತೀನಿ.”

ಅವನು ಬಿಚ್ಚಿ ಕೊಟ್ಟ. ಅವಳು ರೂಢಿಯಂತೆ ಒಂದು ಜೇಬು ತಡಕಿದಳು, ಇನ್ನೊಂದು ತಡಕಿದಳು.

“ಏನಿಲ್ಲ ತಾನೆ?”

“ಏನಿಲ್ಲ” ಎಂದ. ಅವಳು ಪ್ಯಾಂಟನ್ನು ನೀರಿಗೆ ಅದ್ದಿದಳು.