ಬಾಲದ ಗೂಡಿನಲ್ಲಿ ಕೂತವನು

ಮಾಂಸದಂಗಡಿಯ ಮಚ್ಚಕ್ಕನಿಗೆ ಆ ಹೆಸರು ಬಂದದ್ದು ಕೈಯಲ್ಲಿನ ಮಚ್ಚಿನಿಂದಲೋ, ಅದಕ್ಕಿಂತ ಹರಿತವಾದ ನಾಲಿಗೆಯಿಂದಲೋ, ಬೀದಿಯವರು ಇನ್ನೂ ತೀರ್ಮಾನಿಸಿಲ್ಲ. ಗಂಡ ಯುದ್ಧಕ್ಕೆ ಹೋದ ಮೇಲೆ ಕುರಿಗಳ ಕುತ್ತಿಗೆ ಕೊಯ್ದವಳೂ ಅವಳೇ, ಚರ್ಮ ಸುಲಿದು ಕೊಕ್ಕೆಗೆ ನೇತುಹಾಕಿದವಳೂ ಅವಳೇ. ಅವನು ಸತ್ತ ಸುದ್ದಿ ಬಂದ ದಿನವೂ ಅಂಗಡಿ ಮುಚ್ಚಲಿಲ್ಲ. ಅವತ್ತು ಕಡಿದ ಮೂಳೆಯೆಲ್ಲ ಪುಡಿಪುಡಿ. ಗಿರಾಕಿಗಳು ಅದನ್ನೇ ಕಟ್ಟಿಸಿಕೊಂಡು ಹೋದರು.

ಗಂಡ ಎಂಥವನೆಂದರೆ ಕೇಳಿದವರಿಗೆ ನಗು ಬರಬೇಕು. ಕಟುಕನ ಮನೆಯಲ್ಲಿ ಹುಟ್ಟಿಯೂ ರಕ್ತ ಕಂಡರೆ ಮುಖ ತಿರುಗಿಸುವವನು. ಕಾಲಿಗೆ ಮುಳ್ಳು ಚುಚ್ಚಿದರೆ ಬೀದಿಯ ಆ ತುದಿಗೆ ಕೇಳುವಂತೆ ಕೂಗುವವನು. ಅಂಥವನನ್ನು ವಾಯುಪಡೆಯವರು ಬಾಂಬರ್ ವಿಮಾನದ ಬಾಲದಲ್ಲಿ, ಒಬ್ಬನೇ ಮುದುರಿ ಕೂರುವಷ್ಟು ಗಾಜಿನ ಗೂಡಿನಲ್ಲಿ, ಮೆಷಿನ್ ಗನ್ನಿನ ಹಿಂದೆ ಕೂರಿಸಿದರು. ಅವನ ಮುಖ ಯಾವಾಗಲೂ ಹಿಂದಕ್ಕೆ. ಹಾಗಾಗಿ ಬಾಂಬು ಬಿದ್ದ ಊರುಗಳು ಉರಿಯುವುದನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವನು ಅವನೇ. ರಜೆಗೆ ಬಂದಾಗ ಒಲೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದ.

ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಊರವರು ಚೌಕದಲ್ಲಿ ಅವನಿಗೊಂದು ಕಲ್ಲು ನಿಲ್ಲಿಸಿದರು. 'ನೀವು ಹಾರಿ, ನನ್ನ ಚಿಂತೆ ಬೇಡ' ಎಂದು ಗೆಳೆಯರನ್ನು ಉಳಿಸಿ ಮಡಿದ ವೀರ ಎಂದು ಅದರ ಮೇಲೆ ಕೆತ್ತಿದ್ದರು. ಆ ಮಾತು ಒದಗಿಸಿದವನು ಅದೇ ವಿಮಾನದ ಪೈಲಟ್, ಬದುಕಿ ಬಂದವನು. ಓದಿದಾಗ ಜನ ಕಣ್ಣೊರೆಸಿಕೊಂಡರು. ಮಚ್ಚಕ್ಕನಿಗೆ ಮಾತ್ರ ಮೈಯೆಲ್ಲ ಉರಿಯಿತು. ಯಾವನೋ ಪರಗಂಡಸಿನ ಕಲ್ಲಿಗೆ ತನ್ನ ಕೈಯಿಂದ ಹೂ ಹಾಕಿಸಿದರಲ್ಲ ಎಂಬ ಸಿಟ್ಟು. ಸತ್ತ ಗಂಡನನ್ನು ಎರಡನೇ ಸಲ ಕಿತ್ತುಕೊಂಡ ಹಾಗಾಯಿತು.

ಸಮಾರಂಭ ಮುಗಿದ ಮೇಲೆ ಪೈಲಟನನ್ನು ಅಂಗಡಿಗೆ ಕರೆತಂದು ಶಟರ್ ಎಳೆದಳು. ತನ್ನ ಗಂಡ ಅಂಥ ಮಾತಾಡುವವನೇ ಅಲ್ಲ, ನಡೆದದ್ದು ಹೇಳು ಎಂದಳು. ಯಾವ ನೋವೂ ಇಲ್ಲದೆ ಹೋದ ಎಂದು ಅವನು ಹಳೇ ರಾಗ ತೆಗೆದ. ದಿನಾ ಪ್ರಾಣ ತೆಗೆಯುವವಳ ಮುಂದೆ ಹೇಳುವ ಮಾತೇ ಇದು? ಅವನ ಮಣಿಕಟ್ಟು ಹಿಡಿದು ಮಾಂಸ ಕಡಿಯುವ ಕೊರಡಿನ ಮೇಲೆ ಒತ್ತಿ, ಬೆರಳುಗಳ ಪಕ್ಕದಲ್ಲೇ ಮಚ್ಚು ಇಳಿಸಿದಳು. ಕಿರುಬೆರಳಿನ ಅಂಚು ಸವರಿಕೊಂಡು ಹೋಗಿ ರಕ್ತ ಹರಿಯಿತು.

"ಇನ್ನೊಂದು ಸುಳ್ಳು ಹೇಳಿದ್ರೆ ಮುಂದಿನ ಏಟು ಪಕ್ಕಕ್ಕೆ ಬೀಳಲ್ಲ."

ಆಗ ಬಾಯಿ ಬಿಟ್ಟ. ಶತ್ರುವಿಮಾನದ ಗುಂಡುಗಳು ಬಾಲವನ್ನು ಸೀಳಿಹಾಕಿದ್ದವು. ಗೂಡಿನ ಬಾಗಿಲು ನಜ್ಜುಗುಜ್ಜಾಗಿ ಸಿಕ್ಕಿಕೊಂಡಿತ್ತು, ಬೆಂಕಿ ಒಳಗೆ ನುಗ್ಗಿತ್ತು. ಬಿಡಿಸಲು ಹೋದವನೊಬ್ಬನ ಅಂಗೈ ಚರ್ಮ ಬಾಗಿಲಿಗೇ ಅಂಟಿ ಉಳಿಯಿತು. ಒಬ್ಬೊಬ್ಬರಾಗಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಕೊನೆಗೆ ಉಳಿದವನು ಪೈಲಟ್, ಅವನ ಹೆಡ್‌ಫೋನಿನಲ್ಲಿ ಬೇಯುತ್ತಿದ್ದವನ ಕೂಗು. ಕೇಳಲಾರದೆ ತಂತಿ ಕಿತ್ತೆಸೆದು ತಾನೂ ಹಾರಿದ್ದ.

"ಏನಂತ ಕೂಗಿದ?"

"ಬೇಡ ಅತ್ತಿಗೆ."

ಕೊರಡಿಗೆ ಕಚ್ಚಿಕೊಂಡಿದ್ದ ಮಚ್ಚನ್ನು ಅವಳು ಕಿತ್ತಳು.

"ಬಿಟ್ಟು ಹೋಗಬೇಡ ಕಣೋ ಅಂದ. ಭಯ ಆಗ್ತಿದೆ, ಯಾರಾದ್ರೂ ಇದ್ದೀರಾ ಅಂತ ಕೇಳ್ತಾನೇ ಇದ್ದ. ನಾನು ಉತ್ತರ ಕೊಡ್ಲಿಲ್ಲ."

ಮಚ್ಚು ಎಸೆದು ಅವನ ಮುಖಕ್ಕೆ ಗುದ್ದಿದಳು. ಮೂಗು ಮುರಿಯಿತು. ಬಿದ್ದವನನ್ನು ಒದ್ದಳು, ಎದೆಯ ಮೇಲೆ ಕೂತು ಕಪಾಳಕ್ಕೆ ಬಾರಿಸಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆದು ಹೊಡೆದು ಕೈ ಸೋತು ಪಕ್ಕದಲ್ಲೇ ಕುಸಿದಳು. ಇಷ್ಟು ವರ್ಷ ಬಾರದ ಅಳು ಈಗ ಬಂತು. ಹಾಗೆ ಕೂಗಿದವನು ತನ್ನ ಗಂಡನೇ, ಸಂಶಯವೇ ಇಲ್ಲ.

"ಇನ್ನೊಂದ್ಸಲ ಹೇಳು," ಎಂದಳು. "ಅವರು ಹೇಳಿದ ಹಾಗೇ ಹೇಳು."

ಪೈಲಟ್ ಬಾಯಿಯ ರಕ್ತ ಉಗುಳಿ, ಕಣ್ಣು ಮುಚ್ಚಿಕೊಂಡು ಹೇಳಿದ.

"ಯಾರಾದ್ರೂ ಇದ್ದೀರಾ?"

"ಇದ್ದೀನಿ ಕಣ್ರೀ," ಎಂದಳು ಮಚ್ಚಕ್ಕ. "ನಾನಿದ್ದೀನಿ."