ಸೋಮವಾರದ ದೂರುಗಳು

ಮುನಿಯಪ್ಪಣ್ಣ, ಆ ಪ್ರೆಸ್ ರಿಪೇರಿ ಆಗಿರಲೇ ಇಲ್ಲ. ಆಗಿದೆ ಎಂದು ರಿಜಿಸ್ಟರಿನಲ್ಲಿ ಬರೆದವಳು ನಾನು.

ಎಂಬತ್ತರ ದಶಕದ ಆರಂಭದ ಮಾತು. ಹೊಸೂರಿನ ಆ ಕಾರ್ಖಾನೆಯ ಮೆಂಟೆನೆನ್ಸ್ ಆಫೀಸಿನಲ್ಲಿ ನಾನು ಗುಮಾಸ್ತೆ. ಯಂತ್ರ ಕೆಟ್ಟರೆ ದೂರು ಬರೆದುಕೊಳ್ಳುವುದು, ಸರಿಯಾದ ಮೇಲೆ ಅದನ್ನು ಮುಗಿಸುವುದು ನನ್ನ ಕೆಲಸ. ನೀವು ಸೂಳಗಿರಿಯಿಂದ ಬಸ್ಸಿನಲ್ಲಿ ಬಂದು, ಪೆಡಲ್ ತುಳಿದರೆ ಇಳಿದು ತಗಡು ಒತ್ತುವ ಆ ಪ್ರೆಸ್ ನಡೆಸುತ್ತಿದ್ದಿರಿ. ಆಗಾಗ ನನ್ನ ಕಿಟಕಿಗೆ ಬಂದು ಹೇಳುತ್ತಿದ್ದಿರಿ: "ಪೆಡಲ್ ತುಳ್ದೇ ಇಲ್ಲ ಕಣಮ್ಮ, ಅದ್ರ ಪಾಡಿಗದು ಇಳಿದ್ಬುಡ್ತು." ಮೆಕ್ಯಾನಿಕ್ ಹೋಗುವಷ್ಟರಲ್ಲಿ ಪ್ರೆಸ್ ಸರಿಯಾಗಿಯೇ ಇರುತ್ತಿತ್ತು; ದೂರು ಮುಗಿಯದೆ ಹಾಗೇ ಉಳಿಯುತ್ತಿತ್ತು. ಯಾಕೆ ಹೀಗೆ — ನನಗೂ ಕುತೂಹಲವಿತ್ತು. ಆದರೆ ಅದು ಊಟದ ಹೊತ್ತಿನವರೆಗೂ ಉಳಿಯುತ್ತಿರಲಿಲ್ಲ.

ಒಮ್ಮೆ ತಪಾಸಣೆಗೆ ಮೇಲಿನವರು ಬರುವುದಿತ್ತು. ನಮ್ಮ ಸೂಪರ್‌ವೈಸರ್ ಅಂದರು: "ಮೂರು ತಿಂಗಳು ದಾಟಿದ್ದೆಲ್ಲ ಕ್ಲೋಸ್ ಮಾಡ್ಬುಡಮ್ಮ. ಇನ್ನೂ ಕೆಟ್ಟಿದ್ರೆ ಅವ್ರೇ ಬತ್ತಾರೆ." ಒಂದು ಮಧ್ಯಾಹ್ನ ಕೂತು ಹಳೆಯ ದೂರುಗಳ ಎದುರೆಲ್ಲ 'ಸರಿಪಡಿಸಲಾಗಿದೆ' ಎಂದು ಬರೆದೆ. ಅದರಲ್ಲಿ ಐದು ನಿಮ್ಮವು. ಯಂತ್ರ ನೋಡಲು ಹೋಗಲಿಲ್ಲ. ನಿಮ್ಮನ್ನಾದರೂ ಕೇಳಿದ್ದರೆ...

ಎರಡು ವಾರ ಕಳೆದು ನಿಮ್ಮ ಬಲಗೈಯ ಎರಡು ಬೆರಳು ಹೋದವು.

ವಿಚಾರಣೆಗೆ ನನ್ನ ರಿಜಿಸ್ಟರ್ ತರಿಸಿದರು. ಯಂತ್ರ ಸರಿಯಿತ್ತು, ಕೆಲಸಗಾರನೇ ಎಚ್ಚರ ತಪ್ಪಿದ್ದಾನೆ ಎಂದು ತೀರ್ಮಾನವಾಯಿತು. ನಾನು ಅಲ್ಲೇ ನಿಂತಿದ್ದೆ — ಬಾಯಿ ಬಿಡಲಿಲ್ಲ.

ಆಮೇಲೆ ಆ ಐದು ದೂರುಗಳನ್ನು ಮೊದಲ ಸಲ ಒಟ್ಟಿಗೆ ಓದಿದೆ. ತಾರೀಖುಗಳನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆ. ಎಲ್ಲವೂ ಸೋಮವಾರ. ಎಲ್ಲವೂ ಬೆಳಗಿನ ಮೊದಲ ಗಂಟೆ. ನಿಮ್ಮ ಬೆರಳು ಹೋದದ್ದೂ... ಹಾಗಾದರೆ ಭಾನುವಾರ ಅಲ್ಲಿ ಏನು ನಡೆಯುತ್ತದೆ? ಕಸ ಗುಡಿಸುವ ಪಾಪಮ್ಮನನ್ನು ಕೇಳಿದೆ. "ರಜಾ ಅಲ್ವಾ ಅಕ್ಕ, ಪೈಪ್ ಬುಟ್ಟು ನೆಲ ತೊಳೀತೀವಿ" ಅಂದಳು.

ಮುಂದಿನ ಸೋಮವಾರ ಬೆಳಿಗ್ಗೆಯೇ ಮೆಕ್ಯಾನಿಕ್ಕನ್ನು ಕರೆದೊಯ್ದು ಪೆಡಲಿನ ಸ್ವಿಚ್ ಬಿಚ್ಚಿಸಿದೆ. ಒಳಗೆ ನೀರು; ಪೆಡಲ್ ತುಳಿಯದಿದ್ದರೂ ಅದರ ಮೂಲಕ ಕರೆಂಟು ಹರಿದು ಪ್ರೆಸ್ ಇಳಿಯುತ್ತಿತ್ತು. ಬಿಸಿಲೇರಿ ಶೆಡ್ಡು ಕಾದ ಮೇಲೆ ಸ್ವಿಚ್ ಒಣಗುತ್ತಿತ್ತು, ಯಂತ್ರ ಮತ್ತೆ ಸರಿಹೋಗುತ್ತಿತ್ತು. ಸ್ವಿಚ್ ಬದಲಾಯಿಸಿದರು. ಕಾರಣ ಯಾರೂ ಬರೆಯಲಿಲ್ಲ. ಬರೆಯಬೇಕಾದವಳು ನಾನೇ ಆಗಿದ್ದೆ.

ಕೈಗೆ ಕಟ್ಟು ಹಾಕಿಕೊಂಡು ನೀವು ಕೆಲಸಕ್ಕೆ ಮರಳಿದ ದಿನ ನನ್ನೆದುರು ನಿಂತು ಅಂದಿರಿ: "ನನ್ ಕಾಲೇ ತಗುಲಿರ್ಬೇಕು ಬುಡಮ್ಮ. ಎಲ್ರೂ ಹಂಗೇ ಅಂತಾರೆ."

ನಿಜ ಗೊತ್ತಿತ್ತು ನನಗೆ. ಆದರೂ "ಇರಬಹುದು" ಅಂದೆ.

ನೀವು ಈಗಲೂ ನಿಮ್ಮ ಮಕ್ಕಳಿಗೆ 'ತಪ್ಪು ನನ್ನದೇ' ಎಂದು ಹೇಳುತ್ತೀರಂತೆ. ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅವರೂ ಇರಲಿ — ಅವರೆದುರೇ ಹೇಳುತ್ತೇನೆ. ಆಮೇಲೆ ನೀವು ಏನಂದರೂ ಕೂತು ಕೇಳಿಸಿಕೊಳ್ಳುತ್ತೇನೆ.